1930ರ ಫೋರ್ಡ್ ಮಾಡೆಲ್ ಎ: ಎರಡನೇ ಗೇರು ಜಿಗಿಯುತ್ತಿದೆ, ಗೇರ್‌ಬಾಕ್ಸ್ ಇಳಿಸುವ ಮೊದಲು ಏನೇನು ನೋಡಬೇಕು?

ಮೂರುಗೇರು

ಗಾಡಿ 1930ರ ಫೋರ್ಡ್ ಮಾಡೆಲ್ ಎ. ಗೇರ್‌ಬಾಕ್ಸ್ ಮೂಲದ್ದೇ, ಮೂರು ಗೇರು, ಸಿಂಕ್ರೊ (ಗೇರುಗಳ ವೇಗವನ್ನು ತಾನೇ ಹೊಂದಿಸುವ ಉಂಗುರ) ಇಲ್ಲ. ಹಲವು ವರ್ಷ ನಿಂತಲ್ಲೇ ನಿಂತಿದ್ದ ಗಾಡಿ. ಎಂಜಿನ್ ಇಳಿಸಿ ಕೆಲಸ ಮಾಡಿಸಿದ ಮೇಲೆ ಈಗ ರಸ್ತೆಗೆ ಬಂದಿದೆ.

ನಿಂತಲ್ಲಿ ಕ್ಲಚ್ ಒತ್ತಿ ಮೊದಲನೇ ಗೇರಿಗೆ ಹಾಕಿದರೆ ಪ್ರತಿ ಸಲ ಗರ್ರ್ ಎನ್ನುತ್ತದೆ. ಎರಡನೇ ಗೇರು ಏರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುವಾಗ ಗುರುಗುರು ಸದ್ದಿದೆ. ಕ್ಲಚ್ ಒತ್ತಿದರೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ತಳದಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಈಗ ಒಳಗಿರುವ ಎಣ್ಣೆ ಯಾವುದೆಂದು ಗೊತ್ತಿಲ್ಲ, ನೋಡಲು ತೆಳ್ಳಗಿದೆ.

ನೇರವಾಗಿ ಗೇರ್‌ಬಾಕ್ಸ್ ಇಳಿಸಿಬಿಡಬೇಕೆ, ಇಳಿಸದೆಯೇ ತಿಳಿದುಕೊಳ್ಳಬಹುದಾದ್ದು ಏನಾದರೂ ಇದೆಯೇ? ಎಣ್ಣೆ ಯಾವುದು ಹಾಕಬೇಕು? 75ಡಬ್ಲ್ಯು-90 (ದಪ್ಪದ ಅಳತೆ) ಜಿಎಲ್-5 (ಸೇರ್ಪಡೆಯ ದರ್ಜೆ) ಹಾಕಿ ಎಂಬ ಸಲಹೆ ಬಂದಿದೆ.

ಗ್ರೀಸ್‌ಗನ್

ಈಗಲೇ ಇಳಿಸಬೇಡಿ. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಹೊರಗೆ ಬರಬೇಕಾದರೆ ಟಾರ್ಕ್ ಟ್ಯೂಬಿನ (ಹಿಂದಕ್ಕೆ ಹೋಗುವ ಶಾಫ್ಟಿನ ಸುತ್ತಲಿನ ಕೊಳವೆ) ಸಮೇತ ಹಿಂದಿನ ಆಕ್ಸಲನ್ನೇ ಹಿಂದಕ್ಕೆ ಸರಿಸಬೇಕು, ಇಲ್ಲವೇ ಎಂಜಿನ್ ಮತ್ತೆ ಹೊರಗೆ ಬರಬೇಕು. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಕನಿಷ್ಠ ಒಂದರ ಮೂಲ ಗೇರ್‌ಬಾಕ್ಸ್‌ನಲ್ಲಿಲ್ಲ.

"ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ" ಎಂದಿದ್ದೀರಲ್ಲ, ಅದರಲ್ಲೇ ಸುಳಿವಿದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ತಿರುಗುವುದು ಮುಂದಿನ ಡ್ರೈವ್ ಗೇರು ಮತ್ತು ಕೆಳಗಿನ ಕ್ಲಸ್ಟರ್ ಗೇರು (ಒಂದೇ ತುಂಡಾದ ಗೇರುಗಳ ಗೊಂಚಲು). ಅವುಗಳ ಬೇರಿಂಗ್ ಸವೆದಿದ್ದರೆ ಸದ್ದು ಆಗಲೇ ಬರುತ್ತದೆ, ಕ್ಲಚ್ ಒತ್ತಿದ ಮೇಲೆ ಅವು ತಿರುಗುವುದನ್ನು ನಿಲ್ಲಿಸಬೇಕು, ಸದ್ದೂ ನಿಲ್ಲಬೇಕು. ನಿಮ್ಮಲ್ಲಿ ನಿಲ್ಲುತ್ತಿಲ್ಲ ಎಂದರೆ ಬಹುಶಃ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಮೊದಲನೇ ಗೇರಿನ ಗರ್ರ್ ಕೂಡ ಅಲ್ಲಿಂದಲೇ: ಕ್ಲಸ್ಟರ್ ತಿರುಗುತ್ತಲೇ ಇದೆ, ನಿಂತಿರುವ ಗೇರನ್ನು ಅದಕ್ಕೆ ತಳ್ಳುತ್ತಿದ್ದೀರಿ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾಗಿರಲಿ, ನಿಧಾನಗತಿಯಲ್ಲಿ ಓಡಲಿ. ಕ್ಲಚ್ ಪೂರ್ತಿ ಒತ್ತಿ, ನ್ಯೂಟ್ರಲ್‌ನಲ್ಲೇ ಹತ್ತು ಸೆಕೆಂಡ್ ಕಾಯಿರಿ, ಆಮೇಲೆ ಮೊದಲನೇ ಗೇರಿಗೆ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಿದೆ. ಈ ಬಗೆಯ ಗೇರ್ ಡಬ್ಬಿಯಲ್ಲಿ ಗೇರುಗಳು ನಿಲ್ಲಲು ಸ್ವಲ್ಪ ಹೊತ್ತು ಬೇಕು, ಎಣ್ಣೆ ತೆಳ್ಳಗಿದ್ದರೆ ಇನ್ನೂ ಹೆಚ್ಚು ಹೊತ್ತು. ಹತ್ತು ಸೆಕೆಂಡ್ ಬಿಟ್ಟೂ ಗರ್ರ್ ಎಂದರೆ ಎಳೆಯುತ್ತಿರುವುದು ಕ್ಲಚ್, ಅಂದರೆ ಪೂರ್ತಿ ಬಿಡದೆ ಗೇರನ್ನು ತಿರುಗಿಸುತ್ತಲೇ ಇದೆ.

ಎಳೆಯುವುದಕ್ಕೆ ಕಾರಣಗಳಲ್ಲಿ ಮೊದಲು ನೋಡಬೇಕಾದ್ದು ಪೆಡಲ್ಲಿನ ಸಡಿಲು. ಕೈಯಿಂದ ಪೆಡಲ್ ಒತ್ತಿ, ರಿಲೀಸ್ ಬೇರಿಂಗ್ (ಕ್ಲಚ್ ಬಿಡಿಸುವ ಬೇರಿಂಗ್) ತಾಗುವವರೆಗೆ ಸುಮಾರು 25 ಮಿ.ಮೀ. ಸಡಿಲು ಇರಬೇಕು. ಅದು 50-60 ಇದ್ದರೆ ಪೆಡಲ್ಲಿನ ಉಳಿದ ಓಟ ಕ್ಲಚ್ ಬಿಡಿಸಲು ಸಾಲುವುದಿಲ್ಲ. ಕ್ಲಚ್ ತೋಳಿನ ಕಡ್ಡಿಯ ತುದಿಯ ಕ್ಲೆವಿಸ್ (ಯು ಆಕಾರದ ಕೊಂಡಿ) ತಿರುಗಿಸಿ ಸರಿಮಾಡಿ, ಪಿನ್ನಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಸಡಿಲೇ ಇಲ್ಲದಂತೆ ಬಿಗಿ ಮಾಡುವುದು ಇನ್ನೂ ಕೆಟ್ಟದು, ಬೇರಿಂಗ್ ಸದಾ ತಿರುಗಿ ಸುಟ್ಟುಹೋಗುತ್ತದೆ.

ಸಡಿಲು ಸರಿಯಿದ್ದೂ ಎಳೆದರೆ ಉಳಿಯುವುದು ಎರಡು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸ್ಪ್ಲೈನಿಗೆ (ಡಿಸ್ಕ್ ಜಾರುವ ಶಾಫ್ಟಿನ ಉದ್ದುದ್ದ ಹಲ್ಲುಗಳು) ತುಕ್ಕು ಹಿಡಿದು ಕ್ಲಚ್ ಡಿಸ್ಕ್ ಜಾರದೆ ಫ್ಲೈವೀಲಿಗೆ ಉಜ್ಜುತ್ತಿರಬಹುದು, ಅಥವಾ ಫ್ಲೈವೀಲಿನ ನಡುವೆ, ಡ್ರೈವ್ ಗೇರಿನ ಮುಂದಿನ ತುದಿ ಕೂರುವ ಪೈಲಟ್ ಬೇರಿಂಗ್ ಹಿಡಿದುಕೊಂಡಿರಬಹುದು. ಡಿಸ್ಕ್ ಆದರೆ ಸಮತಟ್ಟು ನೆಲದಲ್ಲಿ ಗೇರು ಹಾಕಿ ಕ್ಲಚ್ ಒತ್ತಿ ಹಿಡಿದಾಗ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಪೈಲಟ್ ಬೇರಿಂಗ್‌ಗೆ ಸಾಮಾನ್ಯವಾಗಿ ಅಷ್ಟು ಶಕ್ತಿ ಇರುವುದಿಲ್ಲ, ಗಾಡಿ ನಿಂತೇ ಇರುತ್ತದೆ, ಗೇರು ಮಾತ್ರ ಗರ್ರ್ ಎನ್ನುತ್ತದೆ. ಅದರ ಬೇರಿಂಗ್ ಸಂಖ್ಯೆ 6203, ಎರಡೂ ಕಡೆ ಸೀಲ್ ಇರುವುದು ಸಿಗುತ್ತದೆ. ಬಿಚ್ಚಿದಾಗ ಪರೀಕ್ಷೆಯ ಗೊಡವೆಗೆ ಹೋಗದೆ ಬದಲಾಯಿಸಿ.

ಹಲ್ಲುಚಕ್ರ

ಎಣ್ಣೆಯ ವಿಷಯ ನಾನು ಹೇಳುತ್ತೇನೆ, ಏಕೆಂದರೆ 75ಡಬ್ಲ್ಯು-90 ಈ ಡಬ್ಬಿಗೆ ಸರಿಯಲ್ಲ.

ಫೋರ್ಡ್ ಹೇಳಿದ್ದು 600ಡಬ್ಲ್ಯು. ಅದು ಉಗಿ ಎಂಜಿನ್ ಸಿಲಿಂಡರುಗಳಿಗೆ ಬಳಸುತ್ತಿದ್ದ ದಪ್ಪ ಎಣ್ಣೆಯ ಜಾತಿ. ಅಲ್ಲಿನ ಡಬ್ಲ್ಯುಗೂ ಇಂದಿನ ಎಣ್ಣೆ ಡಬ್ಬಗಳ ಮೇಲಿನ ಚಳಿಗಾಲದ ಡಬ್ಲ್ಯುಗೂ ಸಂಬಂಧವಿಲ್ಲ. ಇಂದಿನ ಗೇರ್ ಎಣ್ಣೆಯ ಲೆಕ್ಕದಲ್ಲಿ ಅದು ಸುಮಾರು 250ರ ಹತ್ತಿರ ಬರುತ್ತದೆ. ಗೇರ್ ಎಣ್ಣೆಯ 90 ಎಂಬುದು ಎಂಜಿನ್ ಎಣ್ಣೆಯ 40-50ರಷ್ಟೇ ದಪ್ಪ. ಎರಡೂ ಬೇರೆ ಬೇರೆ ಅಳತೆಪಟ್ಟಿ, 90 ಎಂಬ ಸಂಖ್ಯೆ ನೋಡಿ ದಪ್ಪವೆಂದು ತಿಳಿಯಬೇಡಿ.

ಸಿಂಕ್ರೊ ಇಲ್ಲದ ಡಬ್ಬಿಯಲ್ಲಿ ಎಣ್ಣೆಗೆ ಎರಡು ಕೆಲಸ. ಒಂದು, ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದು. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಕ್ಲಚ್ ಒತ್ತಿದಾಗ ತಿರುಗುತ್ತಿರುವ ಕ್ಲಸ್ಟರನ್ನು ಹಿಡಿದು ನಿಧಾನ ಮಾಡುವುದು. ಮೇಲಿನ ಗೇರಿಗೆ ಹೋಗುವಾಗ ಕ್ಲಸ್ಟರಿನ ವೇಗ ಇಳಿಯಲೇಬೇಕು, ದಪ್ಪ ಎಣ್ಣೆ ಆ ಕೆಲಸ ಮಾಡಿಕೊಡುತ್ತದೆ. ತೆಳ್ಳನೆಯದು ಹಾಕಿದರೆ ಅದು ತಿರುಗುತ್ತಲೇ ಇರುತ್ತದೆ, ನೀವು ಅವಸರಿಸುತ್ತೀರಿ, ಹಲ್ಲಿನ ಮೂಲೆ ಸಿಡಿಯುತ್ತದೆ. ಜೊತೆಗೆ ಈ ಕಾಲದ ಡಬ್ಬಿಗಳಲ್ಲಿ ಇಂದಿನಂತೆ ರಬ್ಬರ್ ಸೀಲುಗಳನ್ನು ನಂಬಿ ಎಣ್ಣೆ ತಡೆಯುತ್ತಿರಲಿಲ್ಲ, ತೆಳ್ಳನೆಯದು ಎಲ್ಲ ಸಂದಿಯಿಂದಲೂ ಹೊರಡುತ್ತದೆ.

ಜಿಎಲ್-5 ಹೈಪಾಯ್ಡ್ ಆಕ್ಸಲುಗಳಿಗೆಂದು ಬಂದದ್ದು. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉದ್ದಕ್ಕೆ ಜಾರುತ್ತವೆ, ಗಂಧಕ-ರಂಜಕದ ಸೇರ್ಪಡೆ ಹೆಚ್ಚು ಬೇಕು. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಇರುವುದು ನೇರ ಹಲ್ಲು, ಹಿಂದಿನ ಆಕ್ಸಲಿನಲ್ಲಿ ಸ್ಪೈರಲ್ ಬೆವೆಲ್ (ಬಾಗಿದ ಹಲ್ಲಿನ ಶಂಕು ಗೇರು). ಎರಡಕ್ಕೂ ಆ ಸೇರ್ಪಡೆ ಬೇಡ. ಬಿಸಿಯಾದಾಗ ಅದು ಕಂಚು ಹಿತ್ತಾಳೆಯನ್ನು ತಿನ್ನುವ ಅಪಾಯವೂ ಇದೆ, ಆದ್ದರಿಂದ ಕಂಚಿನ ಬುಷ್ ಅಥವಾ ಸಿಂಕ್ರೊ ಉಂಗುರ ಇರುವ ಹಳೆಯ ಡಬ್ಬಿಗಳಲ್ಲಿ ಇನ್ನಷ್ಟು ಎಚ್ಚರ ಬೇಕು.

ಪ್ರಮಾಣ: ಗೇರ್‌ಬಾಕ್ಸ್‌ಗೆ ಒಂದು ಅಮೆರಿಕನ್ ಪಿಂಟ್, ಅಂದರೆ ಸುಮಾರು 470 ಮಿ.ಲೀ. ಕೊನೆಯ ಮಾತು ಪಕ್ಕದ ತುಂಬುವ ತೂತಿನದು. ಗಾಡಿ ಸಮತಟ್ಟಾಗಿ ನಿಂತಿರಲಿ, ಎಣ್ಣೆ ತೂತಿನ ಕೆಳಅಂಚಿಗೆ ಬಂದರೆ ಸಾಕು.

ಇದ್ದ ಎಣ್ಣೆ ಇಳಿಸುವಾಗ ಅವಸರ ಬೇಡ, ಅದು ಒಳಗಿನ ಸುದ್ದಿ ಹೇಳುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಬಿಸಿಯಿರುವಾಗಲೇ ಬಿಳಿ ಟ್ರೇಗೆ ಇಳಿಸಿ, ಒಂದು ರಾತ್ರಿ ಬಿಡಿ, ಆಮೇಲೆ ಮೇಲಿನದನ್ನು ಮೆಲ್ಲಗೆ ಬಸಿದು ತಳದಲ್ಲಿ ಉಳಿದದ್ದರೊಳಗೆ ಅಯಸ್ಕಾಂತ ಆಡಿಸಿ. ಬೂದು ಬಣ್ಣದ ನುಣ್ಣನೆ ಪೇಸ್ಟು ಬಂದರೆ ಅದು ಮಾಮೂಲಿ ಸವೆತ. ಮೀನಿನ ಹುರುಪೆಯಂಥ ತೆಳು ಚಕ್ಕೆ ಬಂದರೆ ಹಲ್ಲಿನ ಅಥವಾ ಬೇರಿಂಗಿನ ಗಡಸು ಪದರ ಎದ್ದಿದೆ. ದಪ್ಪನೆಯ ಮೂಲೆ ಚೂರುಗಳು ಗೇರು ಬದಲಾಯಿಸುವಾಗ ಸಿಡಿದ ಹಲ್ಲಿನ ತುದಿ. ಅಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಬುಷ್ಷಿನದು. ಹಾಲು ಕಲೆಸಿದಂತಿದ್ದರೆ ನೀರು ಸೇರಿದೆ.

ಸೀಮೆಎಣ್ಣೆ ತುಂಬಿ ಎಂಜಿನ್ ಓಡಿಸಿ ತೊಳೆಯುವ ಅಭ್ಯಾಸ ಬೇಡ. ತಳದಲ್ಲಿ ಹೆಪ್ಪುಗಟ್ಟಿದ ಕೆಸರೆಲ್ಲ ಎದ್ದು ಬೇರಿಂಗಿಗೆ ಹೋಗುತ್ತದೆ, ಆ ಹೊತ್ತಿಗೆ ಅಲ್ಲಿ ಎಣ್ಣೆಯ ಪದರವೂ ಇರುವುದಿಲ್ಲ. ಮೇಲಿನ ಟವರ್ (ಗೇರ್ ಲಿವರ್ ಕೂರುವ ಮುಚ್ಚಳ) ಬಿಚ್ಚಿ ಬ್ರಷ್ಷಿನಿಂದ ತೊಳೆದು, ತಳದ ಪ್ಲಗ್ ತೆರೆದಿಟ್ಟು ಹರಿಯಬಿಡುವುದೇ ಸರಿ.

ಹಳೆಕಬ್ಬಿಣ

ಎಣ್ಣೆಯ ಬಗ್ಗೆ ಒಂದು ಸಣ್ಣ ಭಿನ್ನಾಭಿಪ್ರಾಯ. 600ಡಬ್ಲ್ಯು ಬೆಚ್ಚನೆಯ ಹವೆಯಲ್ಲಿ ಒಳ್ಳೆಯದು. ಕೊರೆಯುವ ಚಳಿಯಲ್ಲಿ ಅದು ಗಟ್ಟಿಯಾಗಿ, ಹಲ್ಲು ಹಾದ ಜಾಗದಲ್ಲಿ ಕಾಲುವೆ ಕೊರೆದಂತೆ ನಿಂತುಬಿಡುತ್ತದೆ, ಮತ್ತೆ ಹರಿದು ಹಲ್ಲಿನ ಮೇಲೆ ಬರುವುದು ತಡ. ಅಂಥ ಕಡೆ 140 ಜಿಎಲ್-4 ಅಥವಾ ಸೇರ್ಪಡೆಯಿಲ್ಲದ ಜಿಎಲ್-1 140 ಹಾಕುವುದರಲ್ಲಿ ತಪ್ಪೇನಿಲ್ಲ.

ಸೋರಿಕೆಗೆ ಬರೋಣ. ಬೆಲ್ ಹೌಸಿಂಗ್ ತಳದಿಂದ ಬಿದ್ದದ್ದೆಲ್ಲ ಗೇರ್ ಎಣ್ಣೆಯಲ್ಲ. ಎಂಜಿನ್ನಿನ ಹಿಂದಿನ ಮೇನ್ ಬೇರಿಂಗಿನಿಂದ ಬರುವುದೂ ಅಲ್ಲೇ ಬೀಳುತ್ತದೆ. ಬಿಳಿ ಕಾಗದ ಇಟ್ಟು ಒಂದು ರಾತ್ರಿ ಬಿಡಿ. ಎಂಜಿನ್ ಎಣ್ಣೆ ಕಪ್ಪಗೆ ಬೇಗ ಹರಡುತ್ತದೆ, ಗೇರ್ ಎಣ್ಣೆ ಜೇನಿನಂತೆ ದಪ್ಪ ತೊಟ್ಟಾಗಿ ಕೂರುತ್ತದೆ, ಸೇರ್ಪಡೆಯ ಎಣ್ಣೆಯಾದರೆ ಗಂಧಕದ ಘಾಟು ಮೂಗಿಗೆ ಬಡಿಯುತ್ತದೆ. ನಿಮ್ಮದು ತೆಳ್ಳಗಿದೆ ಎಂದಿರುವುದರಿಂದ ಬಣ್ಣ, ವಾಸನೆಯ ಮೇಲೆ ಹೋಗಿ.

ಹಿಂದಿನ ಆಕ್ಸಲಿನ ಮಟ್ಟವನ್ನೂ ಇವತ್ತೇ ನೋಡಿ. ಗೇರ್‌ಬಾಕ್ಸ್‌ನಲ್ಲಿ ಎಣ್ಣೆ ಹೆಚ್ಚಾದರೆ ಅದು ಹಿಂದೆ ಯೂನಿವರ್ಸಲ್ ಜಾಯಿಂಟ್ ದಾಟಿ ಟಾರ್ಕ್ ಟ್ಯೂಬಿನೊಳಗೆ ಇಳಿದು ಆಕ್ಸಲ್ ಸೇರುತ್ತದೆ, ಅಲ್ಲಿಂದ ಚಕ್ರದ ಬ್ರೇಕ್ ಲೈನಿಂಗಿಗೆ. ಗೇರ್‌ಬಾಕ್ಸ್ ಖಾಲಿಯಾಗುತ್ತಿದೆ, ಕೆಳಗೆ ಒಂದು ತೊಟ್ಟೂ ಇಲ್ಲ, ಬ್ರೇಕ್ ಹಿಡಿಯುತ್ತಿಲ್ಲ ಎಂಬ ದೂರಿನ ಅರ್ಥ ಬಹಳ ಸಲ ಇದೇ.

ಇನ್ನು ಎರಡನೇ ಗೇರಿನ ಜಿಗಿತ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು "ಎಂಜಿನ್ ಇಳಿಸಿ" ಎಂಬ ಮಾತು. ಈ ಎಂಜಿನ್ನಿನ ಬ್ಲಾಕ್‌ಗೂ ಫ್ಲೈವೀಲ್ ಹೌಸಿಂಗ್‌ಗೂ ನಡುವೆ, ಮೇಲಿನ ಎರಡು ಕಿವಿಗಳ ಬಳಿ, ಯು ಆಕಾರದ ತೆಳು ಶಿಮ್‌ಗಳು (ಸಂದಿ ತುಂಬುವ ತಗಡುಗಳು) ಇರುತ್ತವೆ. ಎಂಜಿನ್ ಕೆಲಸದಲ್ಲಿ ಅವು ಕಳೆದುಹೋದರೆ ಅಥವಾ ಮರೆತರೆ ಬೋಲ್ಟ್ ಬಿಗಿಯುವಾಗ ಹೌಸಿಂಗ್ ಬಾಗುತ್ತದೆ, ಗೇರ್‌ಬಾಕ್ಸ್ ಕ್ರ್ಯಾಂಕಿನ ನೇರಕ್ಕೆ ಇರುವುದಿಲ್ಲ. ಆಗ ಡ್ರೈವ್ ಗೇರು ಪ್ರತಿ ಸುತ್ತಿಗೂ ಅಲ್ಲಾಡುತ್ತದೆ, ಗೇರು ಜಿಗಿಯುತ್ತದೆ, ಕ್ಲಚ್ ಡಿಸ್ಕಿನ ಹಬ್ ಒಡೆಯುತ್ತದೆ, ಪೈಲಟ್ ಬೇರಿಂಗ್ ಬೇಗ ಸಾಯುತ್ತದೆ. ಡಯಲ್ ಗೇಜನ್ನು (ಸೂಕ್ಷ್ಮ ಏರಿಳಿತ ತೋರಿಸುವ ಮುಳ್ಳಿನ ಅಳತೆ ಸಾಧನ) ಫ್ಲೈವೀಲಿಗೆ ಕಟ್ಟಿ, ಗೇರ್‌ಬಾಕ್ಸ್ ಕೂರುವ ಮುಖದ ಮೇಲೂ ತೂತಿನ ಒಳಗೂ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. 0.006 ಇಂಚು, ಅಂದರೆ 0.15 ಮಿ.ಮೀ. ಒಳಗಿರಲಿ. ಇದಕ್ಕೆ ಗೇರ್‌ಬಾಕ್ಸ್ ಇಳಿದಿರಬೇಕು, ಹಾಗಾಗಿ ಮೊದಲು ಮೇಲಿನಿಂದ ಆಗುವುದನ್ನು ಮುಗಿಸಿ.

ಅತಿ ಸರಳವಾದದ್ದನ್ನೂ ಬಿಡಬೇಡಿ: ಎರಡನೇ ಗೇರಿನಲ್ಲಿ ಲಿವರ್ ನೆಲದ ಹಲಗೆಗೋ ರಬ್ಬರಿಗೋ ತಾಗುತ್ತಿದೆಯೇ? ತಾಗಿದರೆ ಗೇರು ಪೂರ್ತಿ ಒಳಗೆ ಹೋಗುವುದಿಲ್ಲ.

ಮೂರುಗೇರು

ಎಲ್ಲರಿಗೂ ಧನ್ಯವಾದ. ಮಾಡಿ ನೋಡಿದ್ದು ಇಷ್ಟು.

ಪೆಡಲ್ ಸಡಿಲು 60 ಮಿ.ಮೀ. ಇತ್ತು. 25ಕ್ಕೆ ತಂದ ಮೇಲೆ, ಐದಾರು ಸೆಕೆಂಡ್ ಕಾದರೆ ಮೊದಲನೇ ಗೇರು ಸದ್ದಿಲ್ಲದೆ ಬೀಳುತ್ತಿದೆ. ಕ್ಲಚ್ ಒತ್ತಿದರೆ ಗುರುಗುರು ಈಗ ಪೂರ್ತಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.

ಗೇರ್‌ಬಾಕ್ಸ್‌ನಿಂದ 800 ಮಿ.ಲೀ. ಎಣ್ಣೆ ಬಂತು. ಮೇಲಿನ ಟವರಿನ ಕಡೆಯಿಂದ ಸುರಿದಿರಬೇಕು. ಆಕ್ಸಲಿನ ತುಂಬುವ ಪ್ಲಗ್ ತೆರೆದ ಕೂಡಲೇ ಎಣ್ಣೆ ಹೊರಚೆಲ್ಲಿತು. ಅಯಸ್ಕಾಂತಕ್ಕೆ ಬೂದು ಪೇಸ್ಟು, ಜೊತೆಗೆ ಉಗುರಿನ ಚೂರಿನಷ್ಟು ಅಗಲದ ಐದಾರು ಚಕ್ಕೆ. ಲಿವರ್ ಎಲ್ಲೂ ತಾಗುತ್ತಿಲ್ಲ. ಟವರ್ ಇನ್ನೂ ಬಿಚ್ಚಿಲ್ಲ. ಬಿಚ್ಚಿದಾಗ ಏನನ್ನು ಅಳೆಯಬೇಕು?

ಹಲ್ಲುಚಕ್ರ

ಆ ಚಕ್ಕೆಗಳು ಬಂದ ಮೇಲೆ ಗೇರ್‌ಬಾಕ್ಸ್ ಇಳಿಯಲೇಬೇಕು. ಗುರುಗುರು ಕ್ಲಚ್ ಬಿಟ್ಟಾಗ ಮಾತ್ರ ಎಂದಿರುವುದರಿಂದ ಮುಂದಿನ ಬೇರಿಂಗ್ ಅಥವಾ ಕ್ಲಸ್ಟರಿನ ರೋಲರ್‌ಗಳು. ಆದರೂ ಮೊದಲು ಟವರ್ ತೆಗೆದು ನೋಡಿ, ಯಾವ ಭಾಗ ತರಿಸಬೇಕೆಂಬುದು ಅಲ್ಲೇ ತಿಳಿಯುತ್ತದೆ.

ನ್ಯೂಟ್ರಲ್‌ಗೆ ಹಾಕಿ, ಸುತ್ತಲಿನ ಮಣ್ಣು ಚೆನ್ನಾಗಿ ಒರೆಸಿ, ಟವರನ್ನು ನೇರ ಮೇಲಕ್ಕೆ ಎತ್ತಿ. ಫೋರ್ಕುಗಳು (ಗೇರನ್ನು ಸರಿಸುವ ಕವಲುಗಳು) ಅದರ ಜೊತೆಗೇ ಬರುತ್ತವೆ. ತೆರೆದ ಬಾಯಿಗೆ ತಕ್ಷಣ ಬಟ್ಟೆ ಮುಚ್ಚಿ. ಟವರಿನಲ್ಲಿ ಫೋರ್ಕ್ ಕಡ್ಡಿಗಳನ್ನು ಹಿಡಿದಿಡುವ ಸ್ಪ್ರಿಂಗ್ ಮತ್ತು ಅದರ ತುದಿಯ ಮೊಳೆಗಳನ್ನು ನೋಡಿ, ಕಡ್ಡಿಯ ಗುಳಿಗಳ ಅಂಚು ಚೂಪಾಗಿರಬೇಕು. ಅಂಚು ಸವೆದು ಇಳಿಜಾರಾಗಿದ್ದರೆ ಹೊಸ ಸ್ಪ್ರಿಂಗ್ ಮಾತ್ರ ಹಾಕಿ ಪ್ರಯೋಜನವಿಲ್ಲ. ಫೋರ್ಕನ್ನು ಗೇರಿನ ತೋಡಿನಲ್ಲಿ ಕೂರಿಸಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ. ಒಂದು ಮಿ.ಮೀ. ದಾಟಿ ಸಡಿಲಿದ್ದರೆ ಫೋರ್ಕ್ ಬದಲಾಯಿಸಿ. ಒಂದೇ ಬದಿ ಹೊಳೆಯುತ್ತಿದ್ದರೆ ಅದು ಬಾಗಿದೆ.

ಈಗ ಮುಖ್ಯವಾದದ್ದು. ಏರಿನಲ್ಲಿ ಒತ್ತಡ ಬೀಳುವುದು ಹಲ್ಲಿನ ಒಂದು ಮುಖಕ್ಕೆ, ಆಕ್ಸಿಲರೇಟರ್ ಬಿಟ್ಟಾಗ ಅದರ ಬೆನ್ನಿನ ಮುಖಕ್ಕೆ. ನಿಮ್ಮದು ಬಿಟ್ಟಾಗ ಜಿಗಿಯುತ್ತದೆ, ಹಾಗಾಗಿ ಎರಡನೇ ಗೇರಿನ ಆ ಬೆನ್ನನ್ನು ನೋಡಿ. ಹಲ್ಲನ್ನು ಒರೆಸಿ ಒಣಗಿಸಿ, ಅದರ ಉದ್ದಕ್ಕೆ ಚಿಕ್ಕ ಉಕ್ಕಿನ ಅಳತೆಪಟ್ಟಿಯ ಅಂಚು ಇಟ್ಟು ಹಿಂದಿನಿಂದ ಬ್ಯಾಟರಿ ಬೆಳಕು ಬಿಡಿ. ಒಂದು ತುದಿಯಲ್ಲಿ ಬೆಳಕಿನ ಗೆರೆ ಕಂಡು ಇನ್ನೊಂದು ತುದಿಯಲ್ಲಿ ಕಾಣದಿದ್ದರೆ ಹಲ್ಲು ಬೆಣೆಯ ಆಕಾರಕ್ಕೆ ಸವೆದಿದೆ. ಬೆಣೆಯಾದ ಹಲ್ಲು ಪ್ರತಿ ಸಲ ಒತ್ತಿದಾಗಲೂ ಗೇರನ್ನು ಕೂದಲೆಳೆಯಷ್ಟು ಹೊರಕ್ಕೆ ತಳ್ಳುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಹಾಗೆ ತಳ್ಳಿದಾಗ ಯಾವ ಸ್ಪ್ರಿಂಗೂ ತಡೆಯಲಾರದು. ಆಗ ಮೇನ್‌ಶಾಫ್ಟ್ ಮೇಲಿನ ಗೇರನ್ನೂ ಕ್ಲಸ್ಟರನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಹೊಸ ಗೇರು ಹಳೆಯ ಬೆಣೆಯ ಮೇಲೆ ಓಡಿದರೆ ಅದೂ ಬೇಗ ಬೆಣೆಯಾಗುತ್ತದೆ.

ಹಲ್ಲಿನ ತುದಿಯ ಮೂಲೆ ಸ್ವಲ್ಪ ದುಂಡಾಗಿರುವುದಕ್ಕೆ ಹೆದರಬೇಡಿ, ಒಳಗೆ ಜಾರಲೆಂದು ಅವನ್ನು ದುಂಡು ಮಾಡಿಯೇ ಇರುತ್ತಾರೆ. ಅಗಲದ ಕಾಲು ಭಾಗ ಹೋಗಿದ್ದರೆ ಮಾತ್ರ ಆ ಗೇರಿನ ಆಸೆ ಬಿಡಿ.

ಕೊನೆಗೆ ಮರದ ತುಂಡಿನಿಂದ ಕ್ಲಸ್ಟರನ್ನು ಮೇಲಕ್ಕೆ ಮೀಟಿ. ಕಣ್ಣಿಗೆ ಕಾಣುವಷ್ಟು ಏರಿಳಿದರೆ ರೋಲರ್‌ಗಳೂ ಅವು ಓಡುವ ಶಾಫ್ಟೂ ಮುಗಿದಿವೆ.

ಗ್ರೀಸ್‌ಗನ್

ಇಳಿಸುವಾಗ ಎರಡು ಎಚ್ಚರ. ಗಾಡಿ ಜ್ಯಾಕಿನ ಮೇಲಲ್ಲ, ಗಟ್ಟಿ ಸ್ಟ್ಯಾಂಡುಗಳ ಮೇಲಿರಲಿ, ಮುಂದಿನ ಚಕ್ರಕ್ಕೆ ಅಡ್ಡ ಕೊಡಿ. ಗೇರ್‌ಬಾಕ್ಸ್‌ನ ಭಾರ ಒಂದು ಕ್ಷಣವೂ ಕ್ಲಚ್ ಡಿಸ್ಕಿನ ಹಬ್ ಮೇಲೆ ತೂಗಬಾರದು, ಹಬ್ ಬಾಗುತ್ತದೆ, ಮತ್ತೆ ಕ್ಲಚ್ ಎಳೆಯುತ್ತದೆ. ಎರಡು ಉದ್ದ ಬೋಲ್ಟ್‌ಗಳ ತಲೆ ಕತ್ತರಿಸಿ ಎದುರುಬದುರು ತೂತುಗಳಿಗೆ ಹಾಕಿ, ಅವುಗಳ ಮೇಲೆ ಗೇರ್‌ಬಾಕ್ಸ್ ಹಿಂದಕ್ಕೆ ಜಾರಲಿ. ಕೂರಿಸುವಾಗಲೂ ಹಾಗೆಯೇ.

ಬೇರಿಂಗ್‌ಗಳನ್ನು ತೊಳೆದು ಗಾಳಿ ಹೊಡೆಯುವಾಗ ತಿರುಗಲು ಬಿಡಬೇಡಿ, ಎಣ್ಣೆಯಿಲ್ಲದೆ ಆ ವೇಗಕ್ಕೆ ತಿರುಗಿದರೆ ಒಳ್ಳೆಯದೂ ಹಾಳಾಗುತ್ತದೆ. ಬಹುಕಾಲ ನಿಂತ ಗಾಡಿಯ ಬೇರಿಂಗಿನಲ್ಲಿ ಒಂದು ಗುರುತು ಹುಡುಕಿ: ಗುಂಡುಗಳು ಕೂತಲ್ಲೇ ಕೂತು, ಅವುಗಳ ನಡುವಿನ ಅಂತರಕ್ಕೆ ಸರಿಯಾಗಿ, ಅವು ಓಡುವ ಹಾದಿಯ ಮೇಲೆ ತುಕ್ಕಿನ ಕಂದು ಗೆರೆ ಬಿದ್ದಿರುತ್ತದೆ. ಬೆರಳಲ್ಲಿ ತಿರುಗಿಸಿದರೆ ಟಕ್ ಟಕ್ ಎಂದು ಸಿಗುತ್ತದೆ. ಪಾಲಿಶ್ ಮಾಡಿ ಬಳಸಬೇಡಿ. ಕ್ಲಸ್ಟರ್ ಶಾಫ್ಟನ್ನು ರೋಲರ್ ತಾಗದ ಜಾಗದಲ್ಲೂ ತಾಗುವ ಜಾಗದಲ್ಲೂ ಮೈಕ್ರೋಮೀಟರಿನಿಂದ ಅಳೆಯಿರಿ, 0.05 ಮಿ.ಮೀ. ವ್ಯತ್ಯಾಸ ಬಂದರೆ ಹೊಸದು ಹಾಕಿ. ಶಾಫ್ಟಿನ ತುದಿಗಳು ಡಬ್ಬಿಯ ತೂತುಗಳಲ್ಲಿ ಕೂರುವಲ್ಲಿ ತೆಳುವಾಗಿ ಸೀಲಂಟ್ ಹಚ್ಚಿ, ಅಲ್ಲಿಂದಲೂ ಎಣ್ಣೆ ಸೋರುತ್ತದೆ.

ಜೋಡಿಸಿದ ಮೇಲೆ ಓಡಿಸುವ ರೀತಿಯೂ ಹಲ್ಲು ಉಳಿಸುತ್ತದೆ. ಎರಡನೇ ಗೇರಿನ ಅನುಪಾತ 1.85. ಮೂರನೇ ಗೇರಿನಲ್ಲಿ ಎಂಜಿನ್ 1000 ಸುತ್ತು ತಿರುಗುತ್ತಿದ್ದರೆ ಅದೇ ವೇಗದಲ್ಲಿ ಎರಡನೆಯದಕ್ಕೆ 1850 ಬೇಕು. ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒತ್ತಿ ಆ ವ್ಯತ್ಯಾಸ ತುಂಬಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಿ. ಗಾಡಿಯ ವೇಗ ಇಳಿದಷ್ಟೂ ತುಂಬಬೇಕಾದ ಸುತ್ತು ಕಡಿಮೆ, ಅದಕ್ಕೇ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ.

ಹಳೆಕಬ್ಬಿಣ

ಗೇರ್‌ಬಾಕ್ಸ್ ಇಳಿದಿರುವಾಗಲೇ ಡಯಲ್ ಗೇಜ್ ಹಾಕುವುದನ್ನು ಮರೆಯಬೇಡಿ. ಹಲ್ಲು ಬೆಣೆಯಾದದ್ದೇ ಆ ಓರೆಯಿಂದ ಇದ್ದರೆ ಹೊಸ ಗೇರುಗಳಿಗೂ ಅದೇ ಗತಿ. ಹೌಸಿಂಗಿನ ಕಿವಿಗಳ ಬುಡದಲ್ಲಿ ಬಿರುಕಿದೆಯೇ ಎಂದೂ ನೋಡಿ.

ಆಕ್ಸಲಿನ ಎಣ್ಣೆಯನ್ನು ಮಟ್ಟಕ್ಕೆ ಇಳಿಸಿದರೆ ಸಾಲದು, ಪೂರ್ತಿ ಬಸಿದು ಹೊಸದು ಹಾಕಿ. ಅಲ್ಲಿಗೆ ಹೋಗಿರುವುದು ಆ ಚಕ್ಕೆಗಳಿದ್ದ ಎಣ್ಣೆಯೇ. ಹಿಂದಿನ ಎರಡೂ ಡ್ರಮ್ಮು ತೆಗೆದು ಲೈನಿಂಗ್ ನೋಡಿ, ಎಣ್ಣೆ ಹೀರಿದ ಲೈನಿಂಗ್ ತೊಳೆದರೆ ಸರಿಯಾಗುವುದಿಲ್ಲ.

ಹೊಸ ಭಾಗ ಹಾಕಿದ ಮೇಲೆ ಮೊದಲ 300 ಕಿಲೋಮೀಟರಿಗೆ ಎಣ್ಣೆ ಇಳಿಸಿ ಮತ್ತೆ ಅಯಸ್ಕಾಂತ ಆಡಿಸಿ. ಪೇಸ್ಟು ಬಂದರೆ ಸರಿ, ಚಕ್ಕೆ ಬರಬಾರದು. ಟವರ್ ಕೂರಿಸುವಾಗ ಎರಡೂ ಫೋರ್ಕ್ ಆಯಾ ಗೇರಿನ ತೋಡಿನೊಳಗೆ ಇಳಿದಿವೆಯೇ ಎಂದು ಬೆಳಕು ಹಿಡಿದು ನೋಡಿ. ಬೋಲ್ಟ್ ಬಿಗಿಯುವ ಮೊದಲು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಮೂರು ಗೇರು, ರಿವರ್ಸ್ ಎಲ್ಲವನ್ನೂ ಒಮ್ಮೆ ಹಾಕಿ ತೆಗೆಯಿರಿ. ಯಾವುದಾದರೂ ಒಂದು ಪೂರ್ತಿ ಹೋಗದಿದ್ದರೆ ಟವರ್ ಮತ್ತೆ ಎತ್ತಿ.